ರೋಗಿಯ ಮಗ್ಗುಲಲ್ಲಿ ವಿದ್ಯಾರ್ಥಿ

ದೊಡ್ಡ ಆಸ್ಪತ್ರೆಯೊಂದಕ್ಕೆ ಬೆಳಗಿನ ಹೊತ್ತು ಹೋದವರೆಲ್ಲರೂ ಈ ನೋಟವನ್ನು ಕಂಡಿರಬಹುದು. ಹಿರಿಯ ವೈದ್ಯರೊಬ್ಬರು ಮಂಚದಿಂದ ಮಂಚಕ್ಕೆ ನಡೆಯುತ್ತಾರೆ. ಅವರ ಬೆನ್ನಹಿಂದೆ ಬಿಳಿಯ ಕೋಟು ತೊಟ್ಟ ಹತ್ತಾರು ಮಂದಿ ತರುಣ ತರುಣಿಯರು. ಮಲಗಿರುವ ರೋಗಿಯು ಈ ತರುಣರನ್ನು ಕರೆಸಿದವನಲ್ಲ. ಅವರಿಂದ ಅವನಿಗೆ ಆ ಹೊತ್ತಿನಲ್ಲಿ ಆಗುವ ಉಪಕಾರವೂ ಸ್ವಲ್ಪವೇ. ಆದರೂ ಅವನು ಅವರಿಗೆ ತನ್ನ ಎದೆಯನ್ನು ತೆರೆದು ತೋರಿಸುತ್ತಾನೆ, ಮನೆಯವರಿಗೂ ಹೇಳದ ಮಾತನ್ನು ಹೇಳುತ್ತಾನೆ. ಅಂಥ ಎಡೆಯಲ್ಲಿ ವಿದ್ಯಾರ್ಥಿಯು ಹೇಗೆ ನಡೆದುಕೊಳ್ಳತಕ್ಕದ್ದು? ಈ ಪ್ರಶ್ನೆಗೆ ದೀರ್ಘವಾದ ಒಂದು ಚರಿತ್ರೆಯಿದೆ. ಅದನ್ನು ಸಂಗ್ರಹವಾಗಿ ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ನಮ್ಮ ದೇಶದಲ್ಲಿ ಇದಕ್ಕೆ ದೊರೆಯುವ ಪ್ರಾಚೀನವಾದ ಉತ್ತರವು ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿದೆ. ಶಿಷ್ಯನನ್ನು ಸ್ವೀಕರಿಸುವಾಗ ಅಗ್ನಿ, ಬ್ರಾಹ್ಮಣರು ಮತ್ತು ವೈದ್ಯರ ಸಮಕ್ಷಮದಲ್ಲಿ ಗುರುವು ವಿಧಿಸತಕ್ಕ ಅನುಶಾಸನವದು. ಅದರ ಸಾರ ಇಷ್ಟು: ರೋಗಿಯ ಮನೆಯನ್ನು ಹೊಗುವಾಗ, ಆ ಮನೆಯವರಿಗೆ ಪರಿಚಿತನೂ ಒಳಹೋಗಲು ಅನುಮತಿಯುಳ್ಳವನೂ ಆದ ಒಬ್ಬನೊಡನೆಯೇ ಹೋಗಬೇಕು, ಮೈತುಂಬ ಬಟ್ಟೆಯುಟ್ಟು, ತಲೆತಗ್ಗಿಸಿ ನಡೆಯಬೇಕು, ಒಳಗೆ ಬಂದಮೇಲೆ ಮಾತು, ಮನಸ್ಸು, ಬುದ್ಧಿ, ಇಂದ್ರಿಯಗಳನ್ನು ರೋಗಿಯ ಹಿತದ ಹೊರತು ಬೇರೆಲ್ಲಿಗೂ ಹರಿಯಗೊಡಬಾರದು, ಆ ಮನೆಯ ಸಮಾಚಾರವನ್ನು ಹೊರಗೆ ಆಡಬಾರದು, ರೋಗಿಯ ಆಯುಸ್ಸು ತೀರುತ್ತಿರುವುದು ತಿಳಿದರೂ, ಅವನಿಗಾಗಲಿ ಬಂಧುಗಳಿಗಾಗಲಿ ಆಘಾತವಾಗುವಂತಿದ್ದರೆ ಅದನ್ನು ನುಡಿಯಬಾರದು, ಎಷ್ಟೇ ಬಲ್ಲವನಾದರೂ ತನ್ನ ವಿದ್ಯೆಯನ್ನು ಕೊಚ್ಚಿಕೊಳ್ಳಬಾರದು. ಆಯುಸ್ಸಿನ ವಿಷಯವನ್ನು ರೋಗಿಯಿಂದ ಮರೆಮಾಡುವುದನ್ನು ಇಂದಿನ ವೈದ್ಯಧರ್ಮವು ಹಾಗೆಯೇ ಒಪ್ಪುವುದಿಲ್ಲ. ಆದರೆ ಅಂಥ ಮಾತನ್ನು ವಿದ್ಯಾರ್ಥಿಯು ತಾನಾಗಿ ಆಡತಕ್ಕದ್ದಲ್ಲವೆಂಬುದು ಇಂದಿಗೂ ನಡೆದುಬಂದಿರುವ ನಿಯಮವೇ.

ಗ್ರೀಸ್ ದೇಶದಲ್ಲಿಯೂ ಭಾವನೆ ಹೀಗೆಯೇ ಇದ್ದಿತು. ಹಿಪ್ಪೊಕ್ರಟೀಸನ ಹೆಸರಿನ ಶಪಥವು, ರೋಗಿಯ ಮನೆಯಲ್ಲಿ ಕಂಡುದನ್ನೂ ಕೇಳಿದುದನ್ನೂ ಗೋಪ್ಯವಾಗಿಡಬೇಕೆಂದು ಕಟ್ಟುಮಾಡುತ್ತದೆ. ಅದೇ ಸಂಪ್ರದಾಯದ ಮತ್ತೊಂದು ಗ್ರಂಥವು, ವೈದ್ಯನು ಹೊರಟುಹೋಗುವಾಗ ಶಿಷ್ಯರಲ್ಲಿ ಒಬ್ಬನನ್ನು ರೋಗಿಯ ಬಳಿ ನಿಲ್ಲಿಸಿ ಹೋಗಬೇಕೆನ್ನುತ್ತದೆ. ಅವನು ಹೊಸಬನಾಗಿರಕೂಡದು, ವಿದ್ಯೆಯಲ್ಲಿ ಈಗಾಗಲೇ ಪ್ರವೇಶ ಪಡೆದವನಾಗಿರಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ.

ಈ ಎರಡು ಪದ್ಧತಿಗಳಿಗೂ ಸಮಾನವಾದ ಅಂಶವೊಂದುಂಟು. ಚಿಕಿತ್ಸೆ ನಡೆಯುವುದು ರೋಗಿಯ ಮನೆಯಲ್ಲಿ. ಮನೆಯ ಯಜಮಾನನು ಅವನು, ವಿದ್ಯಾರ್ಥಿಯು ಅತಿಥಿ. ಬೋಧನೆಯು ಆಸ್ಪತ್ರೆಗೆ ಬಂದಾಗ ಈ ಸಂಬಂಧ ತಿರುವುಮುರುವಾಯಿತು. ಹಾಲೆಂಡಿನ ಲೈಡನ್ ನಗರದಲ್ಲಿ 1636ರಲ್ಲಿಯೇ ರೋಗಿಯ ಮಂಚದ ಬಳಿ ಪಾಠ ಹೇಳುವ ಕ್ರಮ ಮೊದಲಾಗಿತ್ತು. 1714ರಲ್ಲಿ ಅಲ್ಲಿ ವೈದ್ಯಾಭ್ಯಾಸದ ಪ್ರಾಧ್ಯಾಪಕನಾದ ಬೂರ್‌ಹಾವನು ಅದಕ್ಕೆ ಯೂರೋಪಿನಲ್ಲೆಲ್ಲ ಕೀರ್ತಿಯನ್ನು ತಂದನು. ಅವನಿಗೆ ಇದ್ದುದು ಹನ್ನೆರಡೇ ಹಾಸಿಗೆಗಳು, ಗಂಡಸರಿಗೆ ಆರು, ಹೆಂಗಸರಿಗೆ ಆರು. ವಿದ್ಯೆಗೆ ಇದರಿಂದಾದ ಲಾಭ ಅಪಾರ. ಆದರೆ ಆಗಿನ ಆಸ್ಪತ್ರೆಗೆ ಬರುತ್ತಿದ್ದವರು ಬಡವರು. ತಮ್ಮನ್ನು ನೋಡತಕ್ಕವರು ಯಾರೆಂದು ಕೇಳುವ ಸ್ಥಿತಿ ಅವರದಲ್ಲ.

ಇದರ ಪರಿಣಾಮವು ಎಷ್ಟು ಘೋರವಾಗಬಹುದೆಂಬುದನ್ನು ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆ ತೋರಿಸಿಕೊಟ್ಟಿತು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. 1840ರಿಂದ ಮೊದಲನೆಯದು ವೈದ್ಯವಿದ್ಯಾರ್ಥಿಗಳ ಕಲಿಕೆಗೆ, ಎರಡನೆಯದು ಸೂಲಗಿತ್ತಿಯರ ಕಲಿಕೆಗೆ ಮೀಸಲಾಯಿತು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ಎಂದರೆ ನೂರಕ್ಕೆ ಹನ್ನೊಂದಕ್ಕೂ ಮಿಕ್ಕು. ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ನೂರಕ್ಕೆ ಮೂವರಿಗಿಂತಲೂ ಕಡಮೆ. ಊರಿನ ಬಡಹೆಂಗಸರಿಗೂ ಇದು ತಿಳಿದಿದ್ದಿತು. ತಮ್ಮನ್ನು ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು.

ಆ ವರ್ಷ ಅಲ್ಲಿಗೆ ಸಹಾಯಕನಾಗಿ ಬಂದ ಇಗ್ನಾಜ್ ಸೆಮ್ಮೆಲ್‌ವೈಸನಿಗೆ ಕಾರಣವು ಹೊಳೆದುದು ಒಬ್ಬ ಸ್ನೇಹಿತನ ಸಾವಿನಿಂದ. 1847ರ ಮಾರ್ಚಿಯಲ್ಲಿ ಕೊಲೆಟ್ಷ್ಕಾ ಎಂಬ ಪ್ರಾಧ್ಯಾಪಕನು, ಶವಚ್ಛೇದನದ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಗುಲಿ, ಬಾಣಂತಿ ಜ್ವರವನ್ನೇ ಹೋಲುವ ರೋಗದಿಂದ ತೀರಿಕೊಂಡನು. ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು; ಸೂಲಗಿತ್ತಿಯರು ಶವವನ್ನು ಮುಟ್ಟುತ್ತಿರಲಿಲ್ಲ. ಇದನ್ನು ಕಂಡುಕೊಂಡ ಸೆಮ್ಮೆಲ್‌ವೈಸನು, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಕಾಲಿಡಕೂಡದೆಂದು ಆ ಮೇ ತಿಂಗಳಲ್ಲಿ ಕಟ್ಟುಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನಿನಲ್ಲಿ ಎರಡರ ಸುಮಾರಿಗೆ ಇಳಿಯಿತು.

ಅಷ್ಟರಿಂದಲೇ ಪಾಠ ಮುಗಿಯಲಿಲ್ಲ. ಅದೇ ಅಕ್ಟೋಬರಿನಲ್ಲಿ ಗರ್ಭಕೋಶದ ವ್ರಣದಿಂದ ಕೀವು ಸೋರುತ್ತಿದ್ದ ಒಬ್ಬ ಹೆಂಗಸನ್ನು ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ಅವಳನ್ನು ಪರೀಕ್ಷಿಸಿದವರು ಬರಿಯ ಸಾಬೂನಿನಿಂದ ಕೈ ತೊಳೆದು ಮುಂದಿನವರನ್ನು ಮುಟ್ಟಿದರು. ಆಗ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಅಂದಿನಿಂದ ಒಬ್ಬೊಬ್ಬ ರೋಗಿಯ ನಡುವೆಯೂ ಆ ನೀರಿನಲ್ಲಿಯೇ ಕೈ ತೊಳೆಯತಕ್ಕದ್ದೆಂಬ ನಿಯಮ ಬಂದಿತು.

ಆ ವಿದ್ಯಾರ್ಥಿಗಳಾರೂ ದುಷ್ಟರಲ್ಲ. ಶವಾಗಾರದಲ್ಲಿ ಹೆಚ್ಚು ಶ್ರಮಿಸಿದವನು ಹೆಚ್ಚು ಶ್ರದ್ಧೆಯುಳ್ಳವನೆಂದೇ ಎಣಿಕೆ. ಆ ಶ್ರದ್ಧಾವಂತನ ಕೈಯೇ ಹೆಚ್ಚು ಅಪಾಯಕರವಾಗಿದ್ದಿತು. ಸ್ವತಃ ಬಹಳ ಶವಗಳನ್ನು ಛೇದಿಸಿದ್ದ ಸೆಮ್ಮೆಲ್‌ವೈಸನು, ತನ್ನಿಂದ ಅಕಾಲದಲ್ಲಿ ಸತ್ತವರೆಷ್ಟೆಂಬುದನ್ನು ದೇವರೇ ಬಲ್ಲನೆಂಬ ಅರ್ಥದ ಮಾತನ್ನು 1861ರ ತನ್ನ ಗ್ರಂಥದಲ್ಲಿ ಬರೆದಿಟ್ಟನು. ಗುಣಪಡಿಸುವ ಶಕ್ತಿ ಇನ್ನೂ ಬಾರದವನಿಗೂ ಕೇಡುಮಾಡುವ ಶಕ್ತಿ ಮಾತ್ರ ಮೊದಲ ದಿನದಿಂದಲೇ ಉಂಟೆಂಬುದು ಹೀಗೆ ಲೆಕ್ಕದಿಂದ ಸಿದ್ಧವಾಯಿತು.

ಮುಂದಿನ ಸುಧಾರಣೆಗಳು ವಿದ್ಯಾರ್ಥಿಯ ನಡತೆಯನ್ನೂ ವಿದ್ಯೆಯ ಭಾಗವನ್ನಾಗಿ ಮಾಡಿದುವು. 1860ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಪ್ರಾರಂಭವಾದ ಫ್ಲಾರೆನ್ಸ್ ನೈಟಿಂಗೇಲಳ ದಾದಿಯರ ಶಾಲೆಯಲ್ಲಿ, ಪ್ರತಿಯೊಬ್ಬ ಅಭ್ಯರ್ಥಿನಿಯ ಹೊತ್ತುಪಾಲನೆ, ಮೌನ, ನಂಬಿಕೆಗೆ ಅರ್ಹತೆ, ಶುಚಿತ್ವಗಳನ್ನು ದಾಖಲೆ ಮಾಡುತ್ತಿದ್ದರು. ಅಮೆರಿಕದ ಬಾಲ್ಟಿಮೋರಿನಲ್ಲಿ 1893ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆಯಲ್ಲಿ ವಿಲಿಯಂ ಆಸ್ಲರನು ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿಯೇ ಕೆಲಸ ಕೊಟ್ಟನು. ನಿಂತು ನೋಡುವವನು ಹೋಗಿ, ಹೊಣೆಹೊತ್ತು ರೋಗಿಯ ವೃತ್ತಾಂತವನ್ನು ಬರೆಯುವವನು ಬಂದನು.

ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಆಗಿನಿಂದ ಕೃಷ್ಣರಾಜೇಂದ್ರ ಆಸ್ಪತ್ರೆಯ ವಾರ್ಡುಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಹೀಗೆಯೇ ಕಲಿತಿದ್ದಾರೆ. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದ ರೋಗಿಗಳೇ ಅವರ ಪುಸ್ತಕ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಚರಕನ ಹೆಸರಿನ ಪರಿಷ್ಕೃತ ಶಪಥವೊಂದನ್ನು ಸೂಚಿಸಿತು. ಪ್ರಾಚೀನ ಅನುಶಾಸನವು ಇಂತು ಆಸ್ಪತ್ರೆಯ ಬಾಗಿಲಿಗೆ ಬಂದಿದೆ.

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣಗಳೆಂದು ಎಣಿಸಿದ್ದರು. ವೈದ್ಯನಾಗತಕ್ಕವನಿಗೆ ರೋಗಿಯ ಋಣವೆಂಬ ಮತ್ತೊಂದುಂಟೆಂದು ಈ ಚರಿತ್ರೆ ಹೇಳುತ್ತದೆ. ವಿದ್ಯಾರ್ಥಿಯು ಚಿಕಿತ್ಸೆಯಿಂದ ಅದನ್ನು ತೀರಿಸುವುದು ಮುಂದಿನ ಮಾತು. ಇಂದು ಅವನ ಕೈಯಲ್ಲಿರುವುದು ಇಷ್ಟೆ: ತಾನಿನ್ನೂ ವಿದ್ಯಾರ್ಥಿಯೆಂದು ಹೇಳಿ, ಅಪ್ಪಣೆ ಪಡೆದು, ಕೈ ತೊಳೆದು ಮುಟ್ಟುವುದು; ಕೇಳಿದ ಮಾತನ್ನು ಊಟದ ಮನೆಗೆ ಒಯ್ಯದಿರುವುದು; ರೋಗಿಯು ಒಲ್ಲೆನೆಂದರೆ ಮುನಿಯದೆ ಹಿಂದೆ ಸರಿಯುವುದು. ಇಷ್ಟನ್ನು ಕಲಿತವನು ಮಂಚದ ಬಳಿ ನಿಲ್ಲುವ ಯೋಗ್ಯತೆಯನ್ನು ಸಂಪಾದಿಸಿದವನೆಂದು ಹೇಳಬಹುದು.