ಮಿಶ್ರತಳಿ ರಾಸುಗಳಲ್ಲಿ ಹಳ್ಳಿಕಾರ್ ತಳಿಗುಣದ ಪುನಃಸ್ಥಾಪನೆ

ದಕ್ಷಿಣ ಕರ್ನಾಟಕದ ಪ್ರಮುಖ ಉಳುಮೆ ತಳಿಯಾದ ಹಳ್ಳಿಕಾರ್ ರಾಸುಗಳ ಹಿಂಡುಗಳಲ್ಲಿ, ಹಾಲಿನ ಇಳುವರಿಗಾಗಿ ಕೈಗೊಂಡ ಸಂಕರಣದಿಂದಲೂ ಮೇವಿನ ಬಯಲಿನ ಬಿಡಾಡಿ ಹೋರಿಗಳಿಂದಲೂ ಅನ್ಯತಳಿಯ ಅಂಶ ಸೇರಿರುತ್ತದೆ. ಇದನ್ನು ಒಮ್ಮೆಲೇ ನಿವಾರಿಸಲು ಸಾಧ್ಯವಿರುವುದಿಲ್ಲ.

ಅರ್ಧಾಂಶ ಹಳ್ಳಿಕಾರ್ ಇರುವ ಹಸುವಿಗೆ ಶುದ್ಧ ಹಳ್ಳಿಕಾರ್ ಹೋರಿಯ ವೀರ್ಯ ನಳಿಕೆಯಿಂದ ಕೃತಕ ಗರ್ಭಧಾರಣೆ ಮಾಡಿಸಿದಲ್ಲಿ, ಹುಟ್ಟುವ ಕರುವಿನಲ್ಲಿ ಸರಾಸರಿ ಶೇ. 75ರಷ್ಟು ಸ್ವತಳಿಯ ಅಂಶವಿರುತ್ತದೆ. ಇದೇ ಕ್ರಮ ಮುಂದುವರಿದಂತೆ ಅದು ಶೇ. 87.5, ನಂತರ ಶೇ. 93.75 ಆಗುತ್ತದೆ. ಕಡಸು ಬೆಳೆದು ಈಯಲು ಸುಮಾರು ಮೂರು-ನಾಲ್ಕು ವರ್ಷ ಬೇಕಾಗುವುದರಿಂದ ಈ ಕಾರ್ಯಕ್ಕೆ ಹತ್ತಾರು ವರ್ಷಗಳ ತಾಳ್ಮೆ ಅಗತ್ಯ. ನಡುವೆ ಶೇ. 87.5ರ ಹಸುವಿಗೆ ಒಮ್ಮೆ ಜರ್ಸಿ ಹೋರಿ ಹಾರಿದರೂ ಕರುವಿನಲ್ಲಿ ಉಳಿಯುವುದು ಶೇ. 43.75 ಮಾತ್ರ. ಆದುದರಿಂದ ಹಿಂಡಿನ ಮಿಶ್ರತಳಿ ಗಂಡುಕರುಗಳಿಗೆ ಸಕಾಲದಲ್ಲಿ ಬೀಜ ಒಡೆಸತಕ್ಕದ್ದು.

ಬೂದು ಮೈಬಣ್ಣ, ನೀಳ ಕೊಂಬುಗಳನ್ನು ಕಂಡ ಮಾತ್ರಕ್ಕೆ ರಾಸು ಶುದ್ಧವೆಂದು ಭಾವಿಸಬಾರದು. ಗರ್ಭಧಾರಣೆಯ ದಾಖಲೆಯೇ ಹೆಚ್ಚು ವಿಶ್ವಾಸಾರ್ಹ. ನಳಿಕೆಯ ಮೇಲೆ ಮುದ್ರಿತವಾದ ಹೋರಿಯ ಸಂಖ್ಯೆಯನ್ನು ಪ್ರತಿ ಬಾರಿಯೂ ಬರೆದಿಟ್ಟುಕೊಳ್ಳತಕ್ಕದ್ದು. ತಂದೆ ಹೋರಿಯ ವೀರ್ಯವನ್ನೇ ಮಗಳಿಗೆ ಬಳಸಿದಲ್ಲಿ ಒಳಸಂತಾನ ದೋಷ ಉಂಟಾಗುತ್ತದೆ.

ತಳಿಗುಣ ಮರಳಿದಂತೆ ಹಾಲು ಕಡಿಮೆಯಾಗುವುದು ಸಹಜ. ಡೇರಿ ಹಾಲಿನ ಹಣವನ್ನೇ ನೆಚ್ಚಿದ ಕುಟುಂಬಗಳು ಎಲ್ಲ ಹಸುಗಳನ್ನೂ ಇದಕ್ಕೆ ಒಳಪಡಿಸದೆ ಒಂದೆರಡರಿಂದ ಆರಂಭಿಸುವುದು ಸೂಕ್ತ. ಹಿಂಡಿನಲ್ಲಿ ಶುದ್ಧ ಹಳ್ಳಿಕಾರ್ ಹಸು ಉಳಿದಿದ್ದರೆ ಅದಕ್ಕೇ ಮೊದಲ ಆದ್ಯತೆ ನೀಡತಕ್ಕದ್ದು.

ಆಸಕ್ತ ರೈತರು ಸಮೀಪದ ಪಶು ಚಿಕಿತ್ಸಾಲಯದಲ್ಲಿ ಹಳ್ಳಿಕಾರ್ ವೀರ್ಯ ನಳಿಕೆಯ ಲಭ್ಯತೆಯನ್ನು ಮುಂಚಿತವಾಗಿ ವಿಚಾರಿಸಿ, ಬೆಳಿಗ್ಗೆ ಬೆದೆಗೆ ಬಂದ ಹಸುವನ್ನು ಅದೇ ಸಂಜೆ, ಸಂಜೆ ಬೆದೆಗೆ ಬಂದುದನ್ನು ಮರುದಿನ ಬೆಳಿಗ್ಗೆ ಗರ್ಭಧಾರಣೆಗೆ ಕರೆತರುವುದು.