ಗಡ್ಡಿಗೆ ದಾರಿ

ಬೆಂಗಳೂರಿನ ಆಫೀಸಿನಲ್ಲಿ ನನ್ನ ಊರು ಗಂಗಾವತಿ ಅಂದರೆ ಹೆಚ್ಚಿನವರಿಗೆ ತಲೆಬುಡ ತಿಳಿಯುವುದಿಲ್ಲ. ಹಂಪಿಯ ಆಚೆ ದಂಡೆ ಅಂದ ಕೂಡಲೇ ಮುಖ ಅರಳುತ್ತದೆ. "ಓ, ಹಿಪ್ಪಿ ಐಲ್ಯಾಂಡ್!" ಆಮೇಲೆ ಫೋನಿನಲ್ಲಿ ಹಳೆಯ ಫೋಟೋ ಹುಡುಕಿ ತೋರಿಸುತ್ತಾರೆ: ಹಗ್ಗದ ತೂಗುಮಂಚ, ಹಿಂದೆ ಭತ್ತದ ಗದ್ದೆ, ಅದರಾಚೆ ಬಂಡೆ, ಸೂರ್ಯಾಸ್ತ.

ನಮ್ಮಲ್ಲಿ ಅದಕ್ಕೆ ವಿರೂಪಾಪುರ ಗಡ್ಡಿ ಅಂತ ಹೆಸರು. ಹೊಳೆ ನಮ್ಮ ಬಾಯಲ್ಲಿ ಹೊಳಿ ಆದ ಹಾಗೆ ನಡುಗಡ್ಡೆಯ ಗಡ್ಡೆ ಗಡ್ಡಿ ಆಗಿದೆ. ಶಾಲೆಯಲ್ಲಿ ದ್ವೀಪ ಅಂದರೆ ಅಟ್ಲಾಸಿನ ಮಾಲ್ಡೀವ್ಸ್, ಮಾರಿಷಸ್, ಫಿಜಿ. ಸುತ್ತ ಸಮುದ್ರ ಬೇಕು, ದಂಡೆಗೆ ತೆಂಗು ಬೇಕು. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದಾದ ದೂರದಲ್ಲಿ ನಮ್ಮದೇ ತಾಲೂಕಿನಲ್ಲಿ ದ್ವೀಪ ಇದೆ ಅಂತ ಭೂಗೋಳದ ಮಾಸ್ತರು ಒಂದು ದಿನವೂ ಹೇಳಲಿಲ್ಲ.

ಅಷ್ಟಕ್ಕೂ ಅದು ವರ್ಷಪೂರ್ತಿ ದ್ವೀಪವೂ ಅಲ್ಲ. ತುಂಗಭದ್ರೆ ಇಲ್ಲಿ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತದೆ. ಹಂಪಿಯ ಕಡೆ ದೊಡ್ಡ ಹೊಳೆ, ಸಾಣಾಪುರದ ಕಡೆ ಸಣ್ಣ ಕವಲು. ಬೇಸಿಗೆಯಲ್ಲಿ ಕವಲಿನ ಕಡೆಯಿಂದ ಬೈಕಿನಲ್ಲೇ ಹೋಗಬಹುದು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಆ ದಾರಿ ಮುಳುಗಿತು, ಗಡ್ಡಿ ನಿಜವಾಗಿಯೂ ಗಡ್ಡಿಯಾಯಿತು. ಬ್ರಹ್ಮಪುತ್ರದ ಮಾಜುಲಿಯಂತೆ ಮರಳು ಮಣ್ಣಿನ ದ್ವೀಪವಾಗಿದ್ದರೆ ಹೊಳೆ ಅದನ್ನು ತಿನ್ನುತ್ತಾ ಹೋಗುತ್ತಿತ್ತು. ಇದು ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೆಯ ಹೆಸರು. 'ಶೋಲೆ' ಚಿತ್ರೀಕರಣ ಆದ ಬೆಟ್ಟಗಳಿವೆಯಲ್ಲ, ಅದೇ ಕಲ್ಲಿನ ಪಟ್ಟಿ ನಮ್ಮವರೆಗೂ ಬಂದಿದೆ. ಅಂದರೆ ವೀಕೆಂಡಿಗೆ ಬೆಂಗಳೂರಿನಿಂದ ಹೊರಟವರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಪಕ್ಕದೂರಿನ ಬಂಡೆಯನ್ನೇ ನೋಡಲು ಬರುತ್ತಿದ್ದರು!

ಕಲ್ಲು ಕದಲುವುದಿಲ್ಲ. ಹಾಗಾಗಿ ಇಲ್ಲಿನ ಚರಿತ್ರೆ ಪೂರ್ತಿ ದಾಟುವುದರ ಚರಿತ್ರೆ: ಯಾರು ದಾಟಿದರು, ಯಾವುದರಲ್ಲಿ, ಯಾರ ಅಪ್ಪಣೆ ಮೇಲೆ.

ಸುಮಾರು 1520ರಲ್ಲಿ ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ಗುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗಲಾರದೆ ತಿರುಗುತ್ತಾ ತಿರುಗುತ್ತಾ ಹೋಗುತ್ತದೆ. ನಮ್ಮ ಹರಿಗೋಲು! ನಾನು ಚಿಕ್ಕವನಿದ್ದಾಗ ಕೂತ ಹರಿಗೋಲಿಗೆ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಇತ್ತು, ಉಳಿದದ್ದೆಲ್ಲ ಪಾಯೆಸ್ ಹೇಳಿದ ಹಾಗೇ. ವಿಜಯನಗರದವರು ಕಲ್ಲಿನ ಸೇತುವೆಯನ್ನೂ ಕಟ್ಟಿದ್ದರು. ಅದರ ಕಂಬಗಳು ಪುರಂದರ ಮಂಟಪದ ಹತ್ತಿರ ಇವತ್ತಿಗೂ ಸಾಲಾಗಿ ನಿಂತಿವೆ. ಅದು ಬಿದ್ದ ಮೇಲೆ ನೂರಾರು ವರ್ಷ ಮತ್ತೆ ಹರಿಗೋಲೇ ಗತಿ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತೊಂಬತ್ತರ ದಶಕದಲ್ಲಿ ಎರಡು ತೂಗುಸೇತುವೆಗಳ ಕೆಲಸ ಶುರುವಾಯಿತು. ಒಂದು ಆನೆಗೊಂದಿಗೆ, ಇನ್ನೊಂದು ಗಡ್ಡಿಗೆ ನಡೆದು ಹೋಗುವುದಕ್ಕೆ. ಸ್ಮಾರಕಗಳ ನಡುವೆ ಕಾಂಕ್ರೀಟು ಏಳುತ್ತಿದೆ ಅಂತ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ಗಡ್ಡಿಯ ಕಾಲುಸೇತುವೆಯನ್ನು ಕಿತ್ತು ಹಾಕಿದರು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ಸೇತುವೆ ಮಾತ್ರ ಕಟ್ಟುತ್ತಿರುವಾಗಲೇ 2009ರ ಜನವರಿಯಲ್ಲಿ ಕುಸಿದು ಬಿತ್ತು, ಕೂಲಿಯವರು ಸತ್ತರು. ಆ ಸಂಜೆ ನಮ್ಮ ಓಣಿಯಲ್ಲಿ ಯಾರೂ ಯುನೆಸ್ಕೊ ಬಗ್ಗೆ ಮಾತಾಡಲಿಲ್ಲ. ಸತ್ತವರು ಯಾವ ಊರಿನವರು ಅಂತ ಕೇಳುತ್ತಿದ್ದರು.

ವಿಚಿತ್ರ ನೋಡಿ, ಸೇತುವೆ ಇಲ್ಲದ್ದೇ ಗಡ್ಡಿಗೆ ಬಂಡವಾಳವಾಯಿತು. ದೋಣಿಯಲ್ಲಿ ದಾಟಿದರೆ ಬೇರೆಯೇ ಲೋಕಕ್ಕೆ ಬಂದ ಹಾಗೆ, ದೇವಸ್ಥಾನದ ಊರಿನ ಕಟ್ಟುಪಾಡು ಆಚೆ ದಂಡೆಯಲ್ಲೇ ಉಳಿಯಿತು. ಭತ್ತದ ಗದ್ದೆಯಂಚಿಗೆ ಗುಡಿಸಲು, ಗುಡಿಸಲಿಗೆ ಕೆಫೆ, ಕೆಫೆಗೆ ರೆಸಾರ್ಟ್ ಅಂತ ಹೆಸರಿನ ಹಲಗೆ. ಮಾಲ್ಡೀವ್ಸ್ ಕೂಡ 1972ರಲ್ಲಿ ಇದೇ ವ್ಯಾಪಾರ ಶುರು ಮಾಡಿತು, ಆದರೆ ಅಲ್ಲಿ ರೆಸಾರ್ಟುಗಳನ್ನು ಜನವಸತಿ ಇಲ್ಲದ ದ್ವೀಪಗಳಲ್ಲಿ ಕಟ್ಟಿದರು. ಅವರಿಗೆ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ನಮಗಿದ್ದದ್ದು ಒಂದು ಗಡ್ಡಿ. ಅದರಲ್ಲೇ ಊರು, ಗದ್ದೆ, ಮಂಟಪ, ಪಾರ್ಟಿ ಎಲ್ಲ.

1988ರ ಅಧಿಸೂಚನೆಯಲ್ಲೇ ಗಡ್ಡಿ ಸಂರಕ್ಷಿತ ಪ್ರದೇಶವಾಗಿತ್ತು. ಕಟ್ಟಡಗಳು ಅಕ್ರಮ ಅಂತ ಹೈಕೋರ್ಟ್ 2015ರಲ್ಲಿ ಹೇಳಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಅದೇ ತಿಂಗಳು ಲಾಕ್‌ಡೌನ್ ಆದ್ದರಿಂದ ನಮ್ಮ ಆಫೀಸಿನ ಎಷ್ಟೋ ಮಂದಿಗೆ ಹಿಪ್ಪಿ ಐಲ್ಯಾಂಡ್ ಹೋದದ್ದು ಒಂದು ವರ್ಷ ಗೊತ್ತೇ ಆಗಲಿಲ್ಲ. ತೀರ್ಪು ಸರಿಯೇ ಅಂತ ನನಗೂ ಅನಿಸುತ್ತದೆ. ಆದರೆ ಅಲ್ಲಿ ಪಾತ್ರೆ ತೊಳೆದು, ಬೈಕು ಬಾಡಿಗೆಗೆ ಕೊಟ್ಟು ಬದುಕಿದವರು ಮುಂದೇನು ಮಾಡಬೇಕು ಅನ್ನುವುದಕ್ಕೆ ಹಂಪಿಯ ಕಂಬಗಳ ಬಗ್ಗೆ ತೋರಿಸಿದ ಕಾಳಜಿಯ ಕಾಲು ಭಾಗವನ್ನೂ ಯಾರೂ ತೋರಿಸಲಿಲ್ಲ.

ಇನ್ನೊಂದು ವಿಷಯ ಮರೆಯಲಾರೆ. 2019ರ ಆಗಸ್ಟ್ ಪ್ರವಾಹದಲ್ಲಿ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಎನ್‌ಡಿಆರ್‌ಎಫ್ ದೋಣಿಗಳು ಬಂದವು, ಹೆಲಿಕಾಪ್ಟರ್ ಬಂತು. ಬರಲೇಬೇಕಿತ್ತು. ಐದು ವರ್ಷ ಹಿಂದೆ ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಸೇರಬೇಕು ಅಂತ ತುಂಬಿದ ಹೊಳೆಯನ್ನು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜಿ ದಾಟಿದ್ದರು. ಅದೂ ಗಡ್ಡಿಯೇ. ಅಲ್ಲಿ ಹಗ್ಗದ ತೂಗುಮಂಚ ಇರಲಿಲ್ಲ, ಅಷ್ಟೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿ ಹೋಯಿತು. ಬೆಳಿಗ್ಗೆ ಎದ್ದವನೇ ಅವ್ವನಿಗೆ ಫೋನ್ ಮಾಡಿದೆ.

"ಹೊಳಿ ಭಾಳ ಬಂದೈತೇನವ್ವಾ? ಗಡ್ಡ್ಯಾಗ ಯಾರರ ಸಿಕ್ಕೊಂಡಾರೇನು?"

"ಯಾರಿಲ್ಲಪ್ಪಾ," ಅಂದಳು ಅವ್ವ. "ಊರವರಷ್ಟ ಅದಾರ."