ತಾವರೆಯ ಮೇಲೆ ನಿಂತ ಲಕ್ಷ್ಮಿ

ಲಕ್ಷ್ಮಿಯನ್ನು ನಾವಿಂದು ಪಟಗಳಲ್ಲಿ ಕಾಣುವ ರೂಪ ಬಹುಮಟ್ಟಿಗೆ ರಾಜಾ ರವಿವರ್ಮರದು. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವರ ಅಚ್ಚುಕೂಟದಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲಚ್ಚು.

ಅವರ ಲಕ್ಷ್ಮಿಯ ಪಟದಲ್ಲಿ ದೇವಿಯ ಮೇಲಿನ ಎರಡು ಕೈಗಳಲ್ಲಿ ತಾವರೆ. ಕೆಳಗಿನವು ಅಭಯ, ವರದ ಮುದ್ರೆಯಲ್ಲಿ. ಪಕ್ಕದ ಆನೆಯನ್ನು ಗಮನಿಸಿ. ಹೊಯ್ಸಳ ಶಿಲ್ಪದ ಗಜಲಕ್ಷ್ಮಿಗೆ ಎರಡೂ ಬದಿಯ ಆನೆಗಳು ನೀರೆರೆಯುತ್ತವೆ. ಇಲ್ಲಿ ಒಂದೇ ಆನೆ, ಸೊಂಡಿಲಲ್ಲಿ ಹೂಮಾಲೆ. ಅಭಿಷೇಕದ ಜಾಗಕ್ಕೆ ಅಲಂಕಾರ ಬಂದಿದೆ!

ದೇವಿಯ ನೋಟವನ್ನೂ ಗಮನಿಸಿ. ಯುರೋಪಿನಲ್ಲಿ 17ನೇ ಶತಮಾನದ ಬರೋಕ್ ಶೈಲಿಯ ಭಕ್ತಿಚಿತ್ರಗಳ ಅಚ್ಚುಪ್ರತಿಗಳಲ್ಲಿ ಸಂತರು ಎದೆಯ ಮೇಲೆ ಕೈಯಿಟ್ಟು ಮುಗಿಲಿನತ್ತ ಕಣ್ಣೆತ್ತುತ್ತಾರೆ. ಲಕ್ಷ್ಮಿ ನೋಡುವುದು ನೇರ ನಮ್ಮನ್ನೇ, ದರ್ಶನ ಕೊಡುವ ಮೂರ್ತಿಯಂತೆ. ಮನೆಗೆ ತಂದ ಪಟಕ್ಕೆ ಜರಿ, ಮಣಿ ಹೊಲಿದು ಸೀರೆ ಉಡಿಸಿದ ಭಕ್ತರೂ ಉಂಟು.